ಕಡಲ ತಡಿಯ ದ್ರಾಕ್ಷಿ: ಬೋರ್ಡೋದಲ್ಲಿ ಉಂಟು, ಕೊಕ್ಕರ್ಣೆಯಲ್ಲಿ ಏಕಿಲ್ಲ?

ಕೊಕ್ಕರ್ಣೆ: ಮೇ ತಿಂಗಳ ಕೊನೆಯ ವಾರ ಬಂತೆಂದರೆ ಇಲ್ಲಿನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣದ ಸಿದ್ಧತೆ ಆರಂಭವಾಗುತ್ತದೆ. ಮೈಲುತುತ್ತ ತಂದಿರಿಸುವುದು, ಸುಣ್ಣ ನೀರಿಗೆ ಹಾಕುವುದು, ಮದ್ದು ಬಿಡುವವರಿಗಾಗಿ ಕಾಯುವುದು, ಇವೆಲ್ಲ ಮುಂಗಾರಿನ ಮೊದಲ ಮಳೆಗೆ ಮುನ್ನ ಮುಗಿಯಬೇಕಾದ ಕೆಲಸಗಳು. ಮೊದಲ ಸಿಂಪಡಣೆಯ 40–45 ದಿನಗಳ ಬಳಿಕ ಎರಡನೆಯದು. ಮಳೆ ಬಿಡದೆ ಹಿಡಿದ ವರ್ಷ ಮೂರನೆಯದೂ ಬೇಕಾಗುತ್ತದೆ. ಕೊಳೆರೋಗದಿಂದ ಗೊನೆ ಉಳಿಸಿಕೊಳ್ಳಲು ನಮ್ಮ ಕೃಷಿಕರು ತಲೆಮಾರುಗಳಿಂದ ನಂಬಿಕೊಂಡು ಬಂದ ಮದ್ದು ಇದು.

ಈ ಮದ್ದಿಗೆ ಹೆಸರು ಕೊಟ್ಟದ್ದು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯ ಒಂದು ನಗರ. ಜಗತ್ತಿನ ಅತ್ಯಂತ ಹೆಸರುವಾಸಿ ದ್ರಾಕ್ಷಾರಸದ ಸೀಮೆಯೂ ಅದೇ. ಅಲ್ಲಿಯೂ ಕಡಲು, ಅಳಿವೆ, ತೇವದ ಗಾಳಿ ಉಂಟು, ಇಲ್ಲಿಯೂ ಉಂಟು. ಅಡಿಕೆಗೆ ಎಲೆಚುಕ್ಕಿ ರೋಗದ ಭಯ ಹೆಚ್ಚಿದಂದಿನಿಂದ ಪರ್ಯಾಯ ಬೆಳೆಯ ಮಾತು ಬಂದಾಗಲೆಲ್ಲ ಡ್ರ್ಯಾಗನ್ ಹಣ್ಣು, ರಂಬುಟಾನ್‌ಗಳ ಜತೆಗೆ ದ್ರಾಕ್ಷಿಯ ಹೆಸರೂ ಕೇಳಿಬರುತ್ತಿದೆ. ನರ್ಸರಿಗಳಲ್ಲಿ ದ್ರಾಕ್ಷಿ ಬಳ್ಳಿಯ ತೊಟ್ಟೆಗಳೂ ಸಿಗುತ್ತವೆ. ಬೋರ್ಡೋದ ಕಡಲ ತಡಿಯಲ್ಲಿ ಬೆಳೆಯುವ ದ್ರಾಕ್ಷಿ ನಮ್ಮ ಕಡಲ ತಡಿಯಲ್ಲಿ ಏಕೆ ಬೆಳೆಯದು ಎಂಬ ಪ್ರಶ್ನೆಗೆ ಉತ್ತರ ತಿಳಿದುಕೊಂಡ ಮೇಲೆ ಎಕರೆಗಟ್ಟಲೆ ಚಪ್ಪರಕ್ಕೆ ಹಣ ಹಾಕುವ ಯೋಚನೆ ಮಾಡುವುದು ಲೇಸು.

ಬೋರ್ಡೋ ಸೀಮೆ

ಗ್ಯಾರೋನ್ ಮತ್ತು ಡೋರ್ಡೋನ್ ಎಂಬ ಎರಡು ನದಿಗಳು ಕೂಡಿ ಜಿರೋಂದ್ ಎಂಬ ವಿಶಾಲ ಅಳಿವೆಯಾಗಿ ಕಡಲು ಸೇರುವ ಪ್ರದೇಶವೇ ಬೋರ್ಡೋ. ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದಿಂದಾಗಿ ಅಲ್ಲಿನ ಚಳಿಗಾಲ ಅತಿ ಕಠಿಣವಲ್ಲ. ಕಡಲಿಗೂ ತೋಟಗಳಿಗೂ ನಡುವೆ ಲಾಂದ್ ಎಂಬ ವಿಸ್ತಾರವಾದ ಪೈನ್ ಕಾಡು ನಿಂತಿದ್ದು, ಉಪ್ಪುಗಾಳಿ ಮತ್ತು ಬಿರುಗಾಳಿಯನ್ನು ಒಂದಿಷ್ಟು ತಡೆಯುತ್ತದೆ. ವರ್ಷಕ್ಕೆ 900 ಮಿ.ಮೀ.ಗಿಂತ ತುಸು ಹೆಚ್ಚು ಮಳೆ. ಅದೂ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ.

ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿ ವಸಂತದಲ್ಲಿ ಚಿಗುರಿ, ಜೂನ್ ಹೊತ್ತಿಗೆ ಹೂಬಿಟ್ಟು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣು ಕೊಡುತ್ತದೆ. ಚಿಗುರಿದ ಬಳಿಕ ಬೀಳುವ ಹಿಮವೇ ಬೆಳೆಗಾರರ ದೊಡ್ಡ ಭಯ. 1956ರ ಫೆಬ್ರವರಿಯ ಭೀಕರ ಚಳಿಗೆ ಅಪಾರ ಸಂಖ್ಯೆಯ ಬಳ್ಳಿಗಳು ಬುಡಸಮೇತ ಸತ್ತವು. 2017 ಮತ್ತು 2021ರ ಏಪ್ರಿಲ್ ಹಿಮವೂ ಚಿಗುರನ್ನು ಸುಟ್ಟಿತು.

ತಳಿಗಳ ವಿಚಾರದಲ್ಲಿ ಅಲ್ಲಿ ನೆಲವೇ ನಿರ್ಣಾಯಕ. ಅಳಿವೆಯ ಎಡದಂಡೆಯ ಮೆಡಾಕ್ ಭಾಗದಲ್ಲಿ ನದಿ ತಂದು ಸುರಿದ ಜಲ್ಲಿಕಲ್ಲಿನ ನೆಲವಿದೆ. ನೀರು ಬೇಗ ಬಸಿದುಹೋಗುವ, ಬಿಸಿಲಿಗೆ ಬೇಗ ಕಾಯುವ ಈ ನೆಲದಲ್ಲಿ ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯೋಂ ಒಗ್ಗಿಕೊಂಡಿದೆ. ಬಲದಂಡೆಯ ಸೇಂಟ್ ಎಮಿಲಿಯೋಂ, ಪೊಮೆರೋಲ್ ಕಡೆಯ ತಂಪು ಜೇಡಿ ನೆಲಕ್ಕೆ ಬೇಗ ಹಣ್ಣಾಗುವ ಮೆರ್ಲೋ ತಳಿ ಸೂಕ್ತ. ಇಡೀ ಸೀಮೆಯಲ್ಲಿ ಅತಿ ಹೆಚ್ಚು ವಿಸ್ತೀರ್ಣ ಮೆರ್ಲೋದ್ದೇ. ಕ್ಯಾಬರ್ನೆ ಫ್ರಾಂಕ್ ಇವೆರಡರ ಜತೆಗಾರ. ಬಿಳಿ ವೈನ್‌ಗೆ ಸೋವಿನ್ಯೋಂ ಬ್ಲಾಂಕ್ ಮತ್ತು ಸೆಮಿಯೋಂ ತಳಿಗಳಿವೆ.

ಸೆಮಿಯೋಂ ಕುರಿತು ಒಂದು ಮಾತು ಹೇಳಲೇಬೇಕು. ಸೋತರ್ನ್ ಎಂಬಲ್ಲಿ ಸಿರೋಂ ಎಂಬ ತಣ್ಣನೆಯ ಹೊಳೆ ಬೆಚ್ಚನೆಯ ಗ್ಯಾರೋನ್ ನದಿಯನ್ನು ಸೇರುವುದರಿಂದ ಶರತ್ಕಾಲದ ಬೆಳಗುಗಳಲ್ಲಿ ದಟ್ಟ ಮಂಜು ಏಳುತ್ತದೆ. ಆ ತೇವಕ್ಕೆ ಹಣ್ಣಿನ ಮೇಲೆ ಬೊಟ್ರೈಟಿಸ್ ಎಂಬ ಬೂಷ್ಟು ಬೆಳೆದು, ಮಧ್ಯಾಹ್ನದ ಬಿಸಿಲಿಗೆ ಹಣ್ಣು ಬತ್ತಿ ಸಕ್ಕರೆ ಗಟ್ಟಿಯಾಗುತ್ತದೆ. ಕೊಳೆತ ಹಣ್ಣನ್ನೇ ಆರಿಸಿ ಕಿತ್ತು ದುಬಾರಿ ಸಿಹಿ ವೈನ್ ಮಾಡುತ್ತಾರೆ. ಕೊಳೆರೋಗದಿಂದ ತತ್ತರಿಸಿದ ನಮ್ಮ ಅಡಿಕೆ ಕೃಷಿಕರಿಗೆ ಇದನ್ನು ಕೇಳಿ ನಗುವೂ ಬಂದೀತು, ಹೊಟ್ಟೆಕಿಚ್ಚೂ ಆದೀತು. ಮಂಜಿನ ಬಳಿಕ ಬಿಸಿಲು ಬರುವುದು ಅವರ ಭಾಗ್ಯ. ಮಳೆಯ ಬಳಿಕವೂ ಮಳೆಯೇ ಬಂದರೆ ಸೋತರ್ನ್‌ನಲ್ಲೂ ಬೆಳೆ ನಾಶವೇ.

ತಾಪಮಾನ ಏರುತ್ತಿರುವ ಕಾರಣ ಬೋರ್ಡೋದ ತಳಿಗಳ ಪಟ್ಟಿಯೂ ಬದಲಾಗುತ್ತಿದೆ. 2021ರಲ್ಲಿ ಆರು ಹೊಸ ತಳಿಗಳನ್ನು ಮಿತ ಪ್ರಮಾಣದಲ್ಲಿ ಬೆಳೆಯಲು ಅನುಮತಿ ನೀಡಲಾಯಿತು. ಅವುಗಳಲ್ಲಿ ಪೋರ್ಚುಗಲ್‌ನ ತೂರಿಗಾ ನ್ಯಾಶನಲ್ ಕೂಡ ಸೇರಿದೆ. ಇನ್ನೊಂದೆಡೆ ಬೇಡಿಕೆ ಕುಸಿದು, 2023ರಿಂದ ಸರಕಾರದ ನೆರವಿನಲ್ಲಿಯೇ ಸಾವಿರಾರು ಹೆಕ್ಟೇರ್ ಬಳ್ಳಿಯನ್ನು ಕಿತ್ತುಹಾಕುವ ಕಾರ್ಯ ನಡೆದಿದೆ. ಹೆಸರುವಾಸಿ ಬೆಳೆಯೆಂದರೆ ಸದಾ ಲಾಭದ ಬೆಳೆ ಎಂದು ತಿಳಿಯುವಂತಿಲ್ಲ.

ದಾರಿಬದಿಯ ಕಳ್ಳರು ಮತ್ತು ನೀಲಿ ಮದ್ದು

19ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ತಂದ ಬಳ್ಳಿಗಳೊಂದಿಗೆ ಫ್ರಾನ್ಸಿಗೆ ರೋಗಗಳೂ ಬಂದವು. 1878ರ ಹೊತ್ತಿಗೆ ಕಾಣಿಸಿಕೊಂಡದ್ದು ಬೂಜು ತುಪ್ಪಟ ರೋಗ. ವಿಜಯಪುರ ಕಡೆಯ ಬೆಳೆಗಾರರು ಇದನ್ನೇ ‘ದಾವಣಿ’ ಎನ್ನುತ್ತಾರೆ. ಎಲೆಯ ಅಡಿಭಾಗದಲ್ಲಿ ಬಿಳಿ ಬೂಷ್ಟು ಕಟ್ಟಿ, ಎಲೆ ಉದುರಿ, ಗೊಂಚಲು ಒಣಗುವ ಈ ರೋಗಕ್ಕೆ ಆಗ ಮದ್ದಿರಲಿಲ್ಲ.

1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯರ್ ಮಿಲ್ಲಾರ್ದೆ ಮೆಡಾಕ್‌ನ ತೋಟವೊಂದರ ಬಳಿ ಹೋಗುತ್ತಿದ್ದಾಗ ರಸ್ತೆಯ ಅಂಚಿನ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ಉಳಿದಿದ್ದುದನ್ನು ಗಮನಿಸಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿನವರು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಎರಚಿದ್ದರು. ನೀಲಿ ಬಳಿದ ಹಣ್ಣನ್ನು ವಿಷವೆಂದು ಯಾರೂ ಮುಟ್ಟುತ್ತಿರಲಿಲ್ಲ. ಮಿಲ್ಲಾರ್ದೆ ಪ್ರಯೋಗ ಮುಂದುವರಿಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಮತ್ತು ದ್ರಾಕ್ಷಿಯ ದಾವಣಿ ತರುವ ರೋಗಾಣು ಎರಡೂ ಒಂದೇ ಬಳಗದವು. ನೀರಿನಲ್ಲಿ ಈಜುವ ಬೀಜಾಣುಗಳ ಮೂಲಕ ಹರಡುವ ಇವುಗಳಿಗೆ ಎಲೆಯ ಮೇಲೆ, ಕಾಯಿಯ ಮೇಲೆ ನೀರು ನಿಂತಿರಬೇಕು, ಅಷ್ಟೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದುವರೆಗೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೇ ಉಪಾಯವಾಗಿತ್ತು. ಕುತೂಹಲದ ಸಂಗತಿಯೆಂದರೆ, ಬೇಸಗೆಯಲ್ಲಿ ಮಳೆ ಸುರಿಯುವ ಜಪಾನಿನ ಯಮನಾಶಿ ಪ್ರಾಂತ್ಯದಲ್ಲಿ ದ್ರಾಕ್ಷಿಯ ಪ್ರತಿ ಗೊಂಚಲಿಗೂ ಕಾಗದದ ಪುಟ್ಟ ಕೊಡೆ ಕಟ್ಟುವ ಪದ್ಧತಿ ಉಂಟು. ಮಳೆಯ ಊರಿನವರ ಬುದ್ಧಿ ಎಲ್ಲೆಡೆಯೂ ಒಂದೇ ದಾರಿಯಲ್ಲಿ ಓಡುತ್ತದೆ.

ಎಷ್ಟು ಮಳೆ ಎಂಬುದಕ್ಕಿಂತ ಯಾವಾಗ ಮಳೆ

ಬೋರ್ಡೋಗೆ ಮಳೆ ಕಡಿಮೆ, ಆದ್ದರಿಂದ ದ್ರಾಕ್ಷಿ ಬೆಳೆಯುತ್ತದೆ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಸ್ಪೇನಿನ ವಾಯವ್ಯ ಕರಾವಳಿಯ ರಿಯಾಸ್ ಬೈಶಾಸ್ ಸೀಮೆಯಲ್ಲಿ ವರ್ಷಕ್ಕೆ 1600 ಮಿ.ಮೀ. ಆಸುಪಾಸು ಮಳೆ ಬಿದ್ದರೂ ಅಲ್ಬರೀನ್ಯೋ ಎಂಬ ಬಿಳಿ ದ್ರಾಕ್ಷಿ ಸೊಗಸಾಗಿ ಬೆಳೆಯುತ್ತದೆ. ಗ್ರಾನೈಟ್ ಕಲ್ಲುಕಂಬಗಳ ಮೇಲೆ ಆಳೆತ್ತರದ ಚಪ್ಪರ ಹಾಕಿ, ಅಡಿಯಲ್ಲಿ ಗಾಳಿಯಾಡುವಂತೆ ಬಳ್ಳಿ ಹಬ್ಬಿಸುತ್ತಾರೆ. ಸಿಪ್ಪೆ ದಪ್ಪವಿರುವ ತಳಿಯಾದ ಕಾರಣ ಕೊಳೆಯುವುದು ಕಡಿಮೆ. ಅಲ್ಲಿ ಮಳೆಯ ಬಹುಪಾಲು ಸುರಿಯುವುದು ಚಳಿಗಾಲದಲ್ಲಿ, ಅಂದರೆ ಬಳ್ಳಿಯಲ್ಲಿ ಎಲೆಯೇ ಇಲ್ಲದ ಕಾಲದಲ್ಲಿ. ಜುಲೈ–ಆಗಸ್ಟ್ ತಿಂಗಳುಗಳು ಅವರಿಗೆ ಒಣ ತಿಂಗಳುಗಳು.

ನಮ್ಮ ಲೆಕ್ಕ ತಿರುಗುಮುರುಗು. ಉಡುಪಿ ಜಿಲ್ಲೆಯ ವಾರ್ಷಿಕ ಮಳೆ 4000 ಮಿ.ಮೀ. ಮೀರುತ್ತದೆ. ಅದರ ಶೇ. 80ಕ್ಕೂ ಹೆಚ್ಚು ಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಜುಲೈ ಒಂದೇ ತಿಂಗಳಲ್ಲಿ 1000 ಮಿ.ಮೀ. ದಾಟುವುದು ಇಲ್ಲಿ ಸಾಮಾನ್ಯ. ಬೋರ್ಡೋಗೆ ಅದು ಇಡೀ ವರ್ಷದ ಮಳೆ. ಕೊಕ್ಕರ್ಣೆಯಂತಹ, ಘಟ್ಟಕ್ಕೆ ಹತ್ತಿರದ ಊರುಗಳಲ್ಲಿ ಮೋಡ ಚದುರುವುದೂ ನಿಧಾನ.

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮಲ್ಲೂ ಬಿಸಿಲಿದೆಯಲ್ಲ, ಆಗ ಹಣ್ಣು ಪಡೆಯಬಾರದೇಕೆ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ದಕ್ಷಿಣ ಭಾರತದ ಬಹುತೇಕ ದ್ರಾಕ್ಷಿ ತೋಟಗಳು ಹಣ್ಣು ಕೊಡುವುದು ಆ ತಿಂಗಳುಗಳಲ್ಲಿಯೇ. ಇಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲವಾದ್ದರಿಂದ ಬೆಳೆಗಾರರೇ ಕತ್ತರಿ ಹಿಡಿದು ಅದರ ವರ್ಷವನ್ನು ನಿರ್ಧರಿಸುತ್ತಾರೆ. ವಿಜಯಪುರ, ಅಥಣಿ ಕಡೆ ‘ಚಾಟ್ನಿ’ ಎಂದು ಕರೆಯುವ ಈ ಸವರುವಿಕೆ ವರ್ಷಕ್ಕೆ ಎರಡು ಬಾರಿ. ಏಪ್ರಿಲ್‌ನಲ್ಲಿ ಸವರಿದಾಗ ಬರುವುದು ಬರೀ ಕಡ್ಡಿ. ಅಕ್ಟೋಬರ್‌ನಲ್ಲಿ ಅದೇ ಕಡ್ಡಿಯನ್ನು ಮತ್ತೆ ಸವರಿದಾಗ ಗೊಂಚಲು ಹೊರಡುತ್ತದೆ.

ತೊಡಕು ಇರುವುದು ಈ ಎರಡರ ನಡುವೆ. ಏಪ್ರಿಲ್ ಚಾಟ್ನಿಯ ಸುಮಾರು 40 ದಿನಗಳ ಬಳಿಕ, ಕಡ್ಡಿಯ ಮೊಗ್ಗುಗಳ ಒಳಗೆ ಮುಂದಿನ ಗೊಂಚಲಿನ ಮೂಲರೂಪ ಸಿದ್ಧವಾಗತೊಡಗುತ್ತದೆ. ಕಣ್ಣಿಗೆ ಕಾಣದ ಈ ಕೆಲಸಕ್ಕೆ ಧಾರಾಳ ಬಿಸಿಲು ಬೇಕು. ಆ ದಿನಗಳಲ್ಲಿ ಮೋಡ ಮುಸುಕಿದರೆ ಮೊಗ್ಗಿನಲ್ಲಿ ಗೊಂಚಲಿನ ಬದಲು ಬರೀ ಬಳ್ಳಿಕುಡಿ ಉಳಿದುಬಿಡುತ್ತದೆ. ಲೆಕ್ಕ ಹಾಕಿದರೆ ಅದು ಜೂನ್ ತಿಂಗಳು. ಕರಾವಳಿಯಲ್ಲಿ ಸೂರ್ಯನನ್ನೇ ಕಾಣದ ಕಾಲ. ಅಂಗಳದ ಚಪ್ಪರದ ಬಳ್ಳಿ ಹಸಿರಾಗಿ ಹಬ್ಬಿಯೂ ‘ಕಾಯಿಯೇ ಬಿಡುವುದಿಲ್ಲ’ ಎಂಬ ದೂರಿಗೆ ಇದೊಂದು ಮುಖ್ಯ ಕಾರಣ. ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಉಳಿದ ಅಡ್ಡಿಗಳು ಇದರ ಮೇಲೆ ಬರುವಂಥವು. ಮಳೆಗಾಲದುದ್ದಕ್ಕೂ ದಾವಣಿ, ಚಿಬ್ಬು ರೋಗಗಳಿಗೆ ಎಲೆ ಬಲಿಯಾಗುತ್ತದೆ. ಅಕ್ಟೋಬರ್–ನವೆಂಬರ್‌ನ ಹಿಂಗಾರು ಮಳೆ ಹೂವಿನ ಗೊಂಚಲಿಗೆ ಬಡಿಯುತ್ತದೆ. ನಮ್ಮ ಮುರಕಲ್ಲು ಮಣ್ಣು ಹುಳಿ ಗುಣದ್ದು. ದ್ರಾಕ್ಷಿ ಬಯಸುವುದು ಹುಳಿ–ಕ್ಷಾರಗಳ ನಡುವಿನ ಮಣ್ಣನ್ನು. ಬೇರಿನಲ್ಲಿ ನೀರು ನಿಂತರೆ ಬಳ್ಳಿ ಸಹಿಸದು. ಹಣ್ಣಿಗೆ ಒಳ್ಳೆಯ ಬಣ್ಣ ಬರಲು ಹಗಲು ಬಿಸಿ, ರಾತ್ರಿ ತಂಪು ಬೇಕು. ಕಡಲ ಸನಿಹದಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ.

ಘಟ್ಟದ ಆಚೆ

ಸಹ್ಯಾದ್ರಿ ದಾಟಿದರೆ ಚಿತ್ರವೇ ಬೇರೆ. ಆಗುಂಬೆಯಲ್ಲಿ 7000 ಮಿ.ಮೀ. ಮುಟ್ಟುವ ಮಳೆ, ವಿಜಯಪುರ ತಲಪುವಾಗ 600 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಪೋರ್ಚುಗಲ್‌ನಲ್ಲಿಯೂ ಇದೇ ಕಥೆ. ಪೋರ್ಟ್ ವೈನ್‌ಗೆ ಹೆಸರು ಕೊಟ್ಟದ್ದು ಕಡಲ ತಡಿಯ ಪೋರ್ಟೋ ನಗರವಾದರೂ, ಅದರ ದ್ರಾಕ್ಷಿ ಬೆಳೆಯುವುದು ಮರಾವ್ ಬೆಟ್ಟಸಾಲಿನ ಆಚೆಗಿರುವ, ಮಳೆ ಕಡಿಮೆಯಾದ ಡೋರೋ ಕಣಿವೆಯಲ್ಲಿ. ಹಣ್ಣು ಬೆಟ್ಟದಾಚೆಯದು, ಹೆಸರು ಬಂದರಿನದು.

ದ್ರಾಕ್ಷಿ ಬೆಳೆಯಲ್ಲಿ ಮಹಾರಾಷ್ಟ್ರದ ಬಳಿಕ ಕರ್ನಾಟಕದ ಸ್ಥಾನ. ರಾಜ್ಯದೊಳಗೆ ವಿಜಯಪುರ ಜಿಲ್ಲೆಯೇ ಮುಂದು. ಅಲ್ಲಿ ಬೀಜರಹಿತ ಥಾಮ್ಸನ್ ಮತ್ತು ಅದರ ಸಂತತಿಯದ್ದೇ ಆಳ್ವಿಕೆ. ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಕಡೆಯಿಂದ ಬಂದ ತಾಸ್–ಎ–ಗಣೇಶ, ಉದ್ದ ಕಾಯಿಯ ಸೋನಾಕಾ, ಮಾಣಿಕ್ ಚಮನ್, ಕಪ್ಪು ಬಣ್ಣದ ಶರದ್ ಇವು ರೈತರ ಬಾಯಲ್ಲಿ ನಲಿಯುವ ಹೆಸರುಗಳು. ಉಪ್ಪು ನೆಲ, ನೀರಿನ ಕೊರತೆ ಎರಡನ್ನೂ ತಾಳುವ ಡಾಗ್‌ರಿಡ್ಜ್ ಬೇರುಗಿಡಕ್ಕೆ ಕಸಿ ಕಟ್ಟಿ ಇವನ್ನು ಬೆಳೆಸುವುದು ರೂಢಿ. ಬೆಳೆಯ ದೊಡ್ಡ ಪಾಲು ಒಣದ್ರಾಕ್ಷಿಗೆ ಹೋಗುತ್ತದೆ. ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡುಗಳ ಬಲೆಯ ಮೇಲೆ ಎರಡು ವಾರ ಹರಡಿದರೆ ಒಣದ್ರಾಕ್ಷಿ ಸಿದ್ಧ. ಒಣ ಹವೆಯೇ ಅಲ್ಲಿನ ಬಂಡವಾಳ. ಮಾರ್ಚ್‌ನಲ್ಲಿ ಒಂದು ಅಕಾಲಿಕ ಮಳೆ ಬಂದರೆ ಶೆಡ್ಡಿನೊಳಗಿನ ಮಾಲೂ ಕಪ್ಪಾಗುತ್ತದೆ.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಭಾಗದ ಹೆಗ್ಗುರುತು ಬೆಂಗಳೂರು ಬ್ಲೂ. ಭೌಗೋಳಿಕ ಸೂಚ್ಯಂಕ ಪಡೆದ ಈ ನೀಲಿಗಪ್ಪು ದ್ರಾಕ್ಷಿಗೆ ಅಮೆರಿಕದ ಕಾಡುಬಳ್ಳಿಯ ರಕ್ತವಿದೆ. ಹೀಗಾಗಿ ರೋಗ ತಾಳುವ ಶಕ್ತಿ ಹೆಚ್ಚು, ಪರಿಮಳ ಗಾಢ, ಸಿಪ್ಪೆ ದಪ್ಪ, ಬೀಜ ಉಂಟು. ವರ್ಷಕ್ಕೆ ಎರಡು ಬೆಳೆ ತೆಗೆಯುವವರೂ ಇದ್ದಾರೆ. ಜ್ಯೂಸ್ ಮತ್ತು ಸಿಹಿ ವೈನ್‌ಗೆ ಇದು ಹೇಳಿಮಾಡಿಸಿದ್ದು. ಅದೇ ಭಾಗದ ದಿಲ್‌ಖುಷ್, ಹೈದರಾಬಾದ್ ಮೂಲದ ಅನಾಬ್–ಎ–ಶಾಹಿಯಿಂದ ಹುಟ್ಟಿದ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾ ಸೇರಿಸಿ ‘ಅರ್ಕಾ ಶ್ಯಾಮ್’, ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ಸೇರಿಸಿ ‘ಅರ್ಕಾ ನೀಲಮಣಿ’ ತಳಿಗಳನ್ನು ರೂಪಿಸಿದೆ.

ಬೋರ್ಡೋದ ತಳಿಗಳು ಕರ್ನಾಟಕಕ್ಕೆ ಬಂದದ್ದು ನಂದಿಬೆಟ್ಟದ ತಪ್ಪಲಿಗೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಗ್ರೋವರ್ ತೋಟದಲ್ಲಿ ಕ್ಯಾಬರ್ನೆ ಸೋವಿನ್ಯೋಂ, ಶಿರಾಜ್ ಮೊದಲಾದವು ನೆಲೆಯೂರಿದವು. ಬೋರ್ಡೋ ಸೀಮೆಯವರೇ ಆದ ವೈನ್ ತಜ್ಞ ಮಿಶೆಲ್ ರೋಲಾಂ 1990ರ ದಶಕದಿಂದ ಅದಕ್ಕೆ ಸಲಹೆಗಾರರಾದರು. ರಾಜ್ಯ ಸರಕಾರ 2007ರಲ್ಲಿ ವೈನ್ ನೀತಿ ತಂದು ದ್ರಾಕ್ಷಾರಸ ಮಂಡಳಿ ಸ್ಥಾಪಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಪ್ರಚಾರಕ್ಕೆ ಬಂದದ್ದು ಆ ಬಳಿಕ. ಕರಾವಳಿಯ ಯಾವುದೇ ತಾಲೂಕು ಈ ಭೂಪಟದಲ್ಲಿಲ್ಲ.

ಕರಾವಳಿಯ ಪಾಲಿಗೆ ಉಳಿದದ್ದು

ಗೋವಾದ ಪೋರ್ಟ್ ವೈನ್ ಬಾಟಲಿಯೊಳಗಿನ ಹಣ್ಣೂ ಬಹುತೇಕ ಘಟ್ಟದ ಮೇಲಿನದೇ. ನಮ್ಮ ಬ್ರಹ್ಮಾವರ, ಕುಂದಾಪುರ ಕಡೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗಾಗಿ ಭರಣಿಯಲ್ಲಿ ಸಕ್ಕರೆ, ಗೋಧಿ, ಚಕ್ಕೆ–ಲವಂಗ ಸೇರಿಸಿ ಇಡುವ ವೈನ್‌ಗೂ ಪೇಟೆಯಿಂದ ತಂದ ಕಪ್ಪು ದ್ರಾಕ್ಷಿಯೇ ಗತಿ. ಕರಾವಳಿಯಲ್ಲಿ ಬಿಟ್ಟಿಯಾಗಿ ಬಿದ್ದು ಕೊಳೆಯುವ ಹಣ್ಣೆಂದರೆ ಗೇರುಹಣ್ಣು. ಗೋವಾದವರು ಅದರಿಂದಲೇ ಫೆನಿ ಮಾಡಿ 2009ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದರು. ನಮ್ಮ ಜಿಲ್ಲೆಗಳಲ್ಲಿ ಬೀಜ ಹೆಕ್ಕಿ ಹಣ್ಣು ಎಸೆಯುವುದು ಮುಂದುವರಿದಿದೆ.

ಹಠ ಹಿಡಿದು ದ್ರಾಕ್ಷಿಯನ್ನೇ ಬೆಳೆಯುವೆನೆಂದರೆ ದಾರಿ ಇಲ್ಲವೆಂದಲ್ಲ. ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲಿ ಮಳೆ ತಪ್ಪಿಸಬಹುದು. ಆದರೆ ಹೊದಿಕೆ ಮಳೆಯನ್ನು ತಡೆದೀತೇ ಹೊರತು ಮೋಡ ಸರಿಸಿ ಬಿಸಿಲು ತಂದುಕೊಡಲಾರದು. ಮನೆಯಂಗಳಕ್ಕೆ ಒಂದೆರಡು ಬಳ್ಳಿ ಬೇಕೆಂದವರು ರೋಗ ತಾಳುವ ಬೆಂಗಳೂರು ಬ್ಲೂ ಆರಿಸಿ, ಎತ್ತರದ ಚಪ್ಪರಕ್ಕೆ ಹಬ್ಬಿಸಿ, ಮಳೆ ಪೂರ್ತಿ ಹೋದ ಬಳಿಕ ಸವರಿದರೆ ಮಕ್ಕಳ ಕೈಗೆ ನಾಲ್ಕು ಗೊಂಚಲು ಸಿಕ್ಕಾವು. ಆದಾಯದ ಬೆಳೆಯಾಗಿ ಕೊಕ್ಕರ್ಣೆಯಲ್ಲಿ ದ್ರಾಕ್ಷಿಯನ್ನು ನಂಬುವುದು ಈ ವರದಿಗಾರನ ದೃಷ್ಟಿಯಲ್ಲಿ ಸಾಹಸವೇ ಸರಿ.

ಬೋರ್ಡೋದಿಂದ ನಾವು ತುರ್ತಾಗಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ನೂರಕ್ಕೂ ಹೆಚ್ಚು ವರ್ಷ ಮೈಲುತುತ್ತ ಸಿಂಪಡಿಸಿದ ಅಲ್ಲಿನ ಹಳೆಯ ತೋಟಗಳ ಮಣ್ಣಿನಲ್ಲಿ ತಾಮ್ರ ಶೇಖರವಾಗಿ ಎರೆಹುಳು, ಸೂಕ್ಷ್ಮಜೀವಿಗಳಿಗೆ ಕುತ್ತಾಗಿದೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರದ ಮಿತಿ ಹಾಕಿದೆ. ಸರಾಸರಿ ವರ್ಷಕ್ಕೆ 4 ಕಿಲೋ. ನಮ್ಮ ಲೆಕ್ಕ ನೋಡೋಣ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರ. ಹೆಕ್ಟೇರಿಗೆ 1370 ಮರ, ಮರವೊಂದಕ್ಕೆ 1 ಲೀಟರ್ ಎಂದು ಹಿಡಿದರೂ ಒಂದು ಸಿಂಪಡಣೆಗೆ ಸುಮಾರು 3.5 ಕಿಲೋ, ಎರಡಕ್ಕೆ 7 ಕಿಲೋ ತಾಮ್ರ ತೋಟ ಸೇರುತ್ತದೆ. ಮಣ್ಣು ಹುಳಿಯಾಗಿದ್ದಷ್ಟೂ ತಾಮ್ರದ ಉಪದ್ರವ ಹೆಚ್ಚು.

ಮದ್ದು ಬಿಡುವುದನ್ನು ನಿಲ್ಲಿಸಿದರೆ ಗೊನೆಯೇ ಉಳಿಯದು. 2018 ಮತ್ತು 2024ರ ಮಳೆಗಾಲಗಳಲ್ಲಿ ಕೊಳೆರೋಗ ಮಾಡಿದ ಹಾನಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೆ ‘ಇರಲಿ’ ಎಂದು ದ್ರಾವಣವನ್ನು ಗಟ್ಟಿ ಮಾಡುವ ಅಭ್ಯಾಸ ಬಿಡಬಹುದು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚಾಕುವನ್ನು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಮಣ್ಣು ಪರೀಕ್ಷೆ ಮಾಡಿಸುವಾಗ ಹುಳಿಯ ಪ್ರಮಾಣದ ಜತೆಗೆ ತಾಮ್ರದ ಅಂಶವನ್ನೂ ನೋಡಿಕೊಡುವಂತೆ ಕೇಳಿಕೊಳ್ಳಬಹುದು. ಈ ಬಗ್ಗೆ ಸಲಹೆ ಬೇಕಾದವರಿಗೆ ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹಾಗೂ ಕೃಷಿ ವಿಜ್ಞಾನ ಕೇಂದ್ರಗಳಿವೆ.